ನಲವತ್ತು ಸರ್ಟಿಫಿಕೇಟು

ತರಬೇತಿ ಮುಗಿದು ಮೂರು ವಾರವಾಗಿತ್ತು. ಊಟದ ಬೆಲ್ಲಿಗೆ ಇನ್ನೂ ಅರ್ಧ ಗಂಟೆ ಇರುವಾಗ ಹಳೆಯ ಶೆಡ್ಡಿನ ಕಡೆಯಿಂದ ಡ್ರಿಲ್ ಮಷಿನ್ನಿನ ಸದ್ದು ಬಂತು. ಹೋಗಿ ನೋಡಿದರೆ ನಮ್ಮ ವಿಭಾಗದ ಎಲೆಕ್ಟ್ರಿಷಿಯನ್ ಹುಡುಗ ಏಣಿ ಹತ್ತಿ ನಿಂತು, ಗೋಡೆಯ ಮೇಲ್ಭಾಗಕ್ಕೆ ಹೊಡೆದಿದ್ದ ಬೂದು ಶೀಟಿನಲ್ಲಿ ಕೇಬಲ್ ತೂರಿಸಲು ತೂತು ಕೊರೆಯುತ್ತಿದ್ದ. ಹಿಟ್ಟಿನ ಗಿರಣಿಯಲ್ಲಿ ನಿಂತವನ ಹಾಗೆ ಅವನ ಹುಬ್ಬು, ತೋಳುಗಳ ಮೇಲೆಲ್ಲ ಪುಡಿ ಕೂತಿತ್ತು. ಮಾಸ್ಕು ಗದ್ದದಡಿ ಜೋತಾಡುತ್ತಿತ್ತು.

"ಏನಪ್ಪಾ ಇದು? ಕ್ಲಾಸಲ್ಲಿ ಏನು ಹೇಳಿದ್ರು?" ಅಂದೆ.

ಅವನಿಗೆ ಗಾಬರಿಯೇ ಆಗಲಿಲ್ಲ. "ಸಾರ್, ನಂಗೆ ಟ್ರೈನಿಂಗ್ ಆಗಿದೆಯಲ್ಲ. ಅದಕ್ಕೇ ಸೂಪರ್‌ವೈಸರು ನನ್ನನ್ನೇ ಕಳಿಸಿದ್ದು" ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ಆ ತರಬೇತಿಯನ್ನು ಆರಿಸಿದವನು ನಾನು. ಯಾರು ಯಾರು ಕೂರಬೇಕೆಂದು ಪಟ್ಟಿ ಮಾಡಿದವನೂ ನಾನೇ. ಅದಕ್ಕೆ ಮೊದಲು ಶೀಟು ಕೊರೆಯಬೇಕಾದಾಗ ಕೈಗೆ ಸಿಕ್ಕವರು ಕೊರೆಯುತ್ತಿದ್ದರು, ನಿಜ. ಆದರೆ ಈಗ ಕೊರೆಯುವುದಕ್ಕೆಂದೇ ಒಬ್ಬ ಅಧಿಕೃತ ಆಳು ತಯಾರಾಗಿದ್ದ. ತಯಾರು ಮಾಡಿದ್ದು ನನ್ನ ಸಹಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನಾಗ ನಿರ್ವಹಣಾ ವಿಭಾಗ ನೋಡಿಕೊಳ್ಳುತ್ತಿದ್ದೆ. ಎಪ್ಪತ್ತರ ದಶಕದ ಕಟ್ಟಡ. ಮುಖ್ಯ ಶೆಡ್ಡು, ಕ್ಯಾಂಟೀನು, ಸೈಕಲ್ ಸ್ಟ್ಯಾಂಡು ಎಲ್ಲಕ್ಕೂ ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಸೂರು. ಮಳೆ ಬಂದಾಗಲೆಲ್ಲ ಮಷಿನ್ನುಗಳ ಪಕ್ಕ ಬಕೆಟ್ ಇಟ್ಟು ಸಾಕಾಗಿ, ಶೀಟು ಇಳಿಸಿ ಬಣ್ಣದ ತಗಡು ಹೊದಿಸುವುದೆಂದು ಆಡಳಿತದವರು ತೀರ್ಮಾನಿಸಿದರು. ಅದೇ ಹೊತ್ತಿಗೆ ಹೊರದೇಶದ ಗಿರಾಕಿಯೊಬ್ಬರ ಆಡಿಟ್ ಬಂತು. ಅವರು ಕಳಿಸಿದ ಪ್ರಶ್ನಾವಳಿಯಲ್ಲಿ ಒಂದು ಸಾಲು: ಆಸ್ಬೆಸ್ಟಾಸ್ ಕುರಿತು ಕಾರ್ಮಿಕರಿಗೆ ತರಬೇತಿ ಆಗಿದೆಯೇ? ಹೌದು, ಇಲ್ಲ. ನಾನು ತರಬೇತಿ ಹುಡುಕಲು ಹೊರಟಿದ್ದು ಆ 'ಹೌದು' ಎಂಬ ಮನೆಗೆ ಟಿಕ್ ಹಾಕುವುದಕ್ಕೆ. ಕಾರ್ಮಿಕರ ಶ್ವಾಸಕೋಶ ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ.

ಮೂರು ಕಡೆಯಿಂದ ಕೊಟೇಷನ್ ತರಿಸಿದೆ. ಒಬ್ಬರದು ಅರ್ಧ ದಿನದ್ದು, ಇನ್ನೊಬ್ಬರದು ಎರಡು ದಿನದ್ದು, ಮತ್ತೊಬ್ಬರದು ಅಮೆರಿಕದ ಪಠ್ಯಕ್ರಮವೆಂದು ನಾಲ್ಕು ದಿನದ್ದು. ಮದುವೆ ಛತ್ರ ಗೊತ್ತು ಮಾಡುವವರ ಹಾಗೆ ತಲೆಗೆಷ್ಟು, ಊಟ ಸೇರಿಯೋ ಬೇರೆಯೋ, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಉಂಟೋ ಇಲ್ಲವೋ ಅಂತ ನೋಡಿದೆ. ಅರ್ಧ ದಿನದ್ದು ಅಗ್ಗ. ಹಾಲಿನಲ್ಲಿ ನಲವತ್ತು ಕುರ್ಚಿ ಇದ್ದವು, ಆದ್ದರಿಂದ ನಲವತ್ತು ಜನ. ಸ್ಟೋರಿನವರು, ಲೆಕ್ಕಪತ್ರದವರು, ರಿಸೆಪ್ಷನ್ನಿನ ಹುಡುಗಿ ಎಲ್ಲರೂ ಕೂತರು. ಕೊನೆಗೆ ಒಂದು ಗ್ರೂಪ್ ಫೋಟೊ.

ಪಾಠ ಕೆಟ್ಟದ್ದಾಗಿರಲಿಲ್ಲ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಅದು ಬರೀ ತಿಳಿವಳಿಕೆಯ ಪಾಠ. ಈ ವಸ್ತು ಎಲ್ಲೆಲ್ಲಿ ಇರುತ್ತದೆ, ಕಂಡರೆ ಮುಟ್ಟಬೇಡ, ಕೈಯಲ್ಲಿರುವ ಕೆಲಸ ನಿಲ್ಲಿಸು, ಮೇಲಿನವರಿಗೆ ತಿಳಿಸು ಎಂದು ಹೇಳುವಷ್ಟೇ ಅದರ ಕೆಲಸ. ಕೊನೆಯ ಸ್ಲೈಡಿನಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಈ ತರಬೇತಿ ಪಡೆದವರು ಆಸ್ಬೆಸ್ಟಾಸ್ ಮೇಲೆ ಕೆಲಸ ಮಾಡಲು ಅರ್ಹರಲ್ಲ ಅಂತ ಬರೆದೂ ಇತ್ತು. ಆ ಹೊತ್ತಿಗೆ ಎಲ್ಲರ ಮೂಗಿಗೂ ಪಲಾವಿನ ವಾಸನೆ ಬಂದಿತ್ತು.

ಏಣಿಯ ಮೇಲಿನ ಹುಡುಗನನ್ನು ಇಳಿಸಿ, ಶೀಟಿಗೂ ನೆಲಕ್ಕೂ ನೀರು ಚಿಮುಕಿಸಿ, ಆ ಜಾಗವನ್ನು ಮುಚ್ಚಿಸಿದ ರಾತ್ರಿ ನಾನು ಮೊದಲ ಸಲ ಈ ವಿಷಯವನ್ನು ಕೂತು ಓದಿದೆ. ಬೇರೆ ದೇಶದವರು ಇದನ್ನು ಎಷ್ಟು ನಾಜೂಕಾಗಿ ವಿಂಗಡಿಸಿದ್ದಾರೆ ಅಂತ ಗೊತ್ತಾಗಿದ್ದು ಆಗ. ಬ್ರಿಟನ್ನಿನ 2012ರ ನಿಯಮಗಳ ಪ್ರಕಾರ ತರಬೇತಿಗೆ ಮೂರು ಮೆಟ್ಟಿಲು. ಕೆಳಗಿನದು ತಿಳಿವಳಿಕೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಪೇಂಟರ್ ಹೀಗೆ ಗೊತ್ತಿಲ್ಲದೆ ಅದನ್ನು ಕೆದಕಿಬಿಡಬಹುದಾದ ಎಲ್ಲರಿಗೂ ಇದು. ನಡುವಿನದು ಪರವಾನಗಿ ಬೇಡದ ಕೆಲಸಕ್ಕೆ. ಸಿಮೆಂಟ್ ಶೀಟನ್ನು ಒಡೆಯದೆ ಇಳಿಸುವುದು ಸಾಮಾನ್ಯವಾಗಿ ಇಲ್ಲಿಗೆ ಬರುತ್ತದೆ. ಮೇಲಿನದು ಪರವಾನಗಿ ಇದ್ದವರು ಮಾತ್ರ ಮಾಡಬಹುದಾದ ಕೆಲಸಕ್ಕೆ: ಪೈಪಿನ ಲ್ಯಾಗಿಂಗ್ ಕೀಳುವುದು, ಸಿಂಪಡಿಸಿದ ಲೇಪ ಕೆರೆಯುವುದು, ಇಂಥವು. ಮೊದಲ ಮೆಟ್ಟಿಲಲ್ಲಿ ನಿಂತವನು ಎರಡನೆಯದರ ಕೆಲಸಕ್ಕೆ ಕೈ ಹಾಕಬಾರದು. ನಮ್ಮ ಹುಡುಗ ಅದನ್ನೇ ಮಾಡಿದ್ದ, ಮಾಡಿಸಿದ್ದು ನಾವು.

ಒಂದೇ ಹೆಸರಿನ ವಸ್ತುವಿಗೆ ಇಷ್ಟೊಂದು ಭೇದ ಏಕೆಂದರೆ ವಸ್ತು ಒಂದೇ ಅಲ್ಲ. ಸೂರಿನ ಶೀಟಿನಲ್ಲಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಇರುವುದು ನೂರಕ್ಕೆ ಹತ್ತು, ಹದಿನೈದರಷ್ಟು. ಉಳಿದದ್ದು ಸಿಮೆಂಟು, ಅದು ನಾರನ್ನು ಗಟ್ಟಿಯಾಗಿ ಹಿಡಿದಿಟ್ಟಿರುತ್ತದೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ, ಬಿಸಿಲುಮಳೆಗೆ ಸವೆದಾಗ ಬಿಡುತ್ತದೆ. ಹಳೆಯ ಬಾಯ್ಲರ್ ಪೈಪಿನ ಸುತ್ತಣ ಲ್ಯಾಗಿಂಗ್ ಹಾಗಲ್ಲ. ಅದರಲ್ಲಿ ನಾರೇ ಹೆಚ್ಚು, ಹಿಡಿತ ಕಡಿಮೆ. ಬೆರಳಿಂದ ಒತ್ತಿದರೆ ಉದುರುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಗ್ಯಾಸ್ಕೆಟ್ಟಿಗೆ ಕತ್ತರಿಸುತ್ತಿದ್ದ ಸಿಎಎಫ್ ಶೀಟು, ಕುಲುಮೆಯ ಬಾಗಿಲಿಗೆ ಸುತ್ತುತ್ತಿದ್ದ ಬಿಳಿ ಹಗ್ಗ, ಗ್ಯಾರೇಜಿನಲ್ಲಿ ಏರ್ ಹೊಡೆದು ಚೊಕ್ಕ ಮಾಡುತ್ತಿದ್ದ ಬ್ರೇಕ್ ಲೈನರು, ಇವೆಲ್ಲವೂ ಅದೇ ಮನೆತನದವು. ಒಂದೊಂದರ ಗುಣ ಒಂದೊಂದು. ಶೀಟು ಇಳಿಸುವವನಿಗೆ ಲ್ಯಾಗಿಂಗ್ ಕೀಳುವ ನಾಲ್ಕು ದಿನದ ಪಾಠ ಹೇಳಿದರೆ ಹಣ ದಂಡ. ಲ್ಯಾಗಿಂಗ್ ಕೀಳುವವನಿಗೆ ಶೀಟಿನ ಪಾಠ ಹೇಳಿ ಕಳಿಸಿದರೆ ಜೀವ ದಂಡ.

ಅಮೆರಿಕದವರ ವಿಂಗಡಣೆ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಕಟ್ಟಡದ ಕೆಲಸಗಳ ನಿಯಮದಲ್ಲಿ ಅವರು ನಾಲ್ಕು ವರ್ಗ ಮಾಡಿದ್ದಾರೆ. ಲ್ಯಾಗಿಂಗಿನಂಥ ಅಪಾಯದ ಕೆಲಸ ಒಂದನೆಯದು. ಅದಕ್ಕೆ 32 ಗಂಟೆಯ ತರಬೇತಿ. ಸೂರು ಇಳಿಸುವಂಥದ್ದು ಎರಡನೆಯದು, ಕನಿಷ್ಠ 8 ಗಂಟೆ, ಅದರಲ್ಲೂ ಕೈಯಾರೆ ಮಾಡಿ ಕಲಿಯಲೇಬೇಕು. ಸಣ್ಣಪುಟ್ಟ ದುರಸ್ತಿಗೆ 16 ಗಂಟೆ. ನಾಲ್ಕನೆಯ ವರ್ಗ ಯಾರದು ಗೊತ್ತೆ? ಕೆಲಸ ಮುಗಿದ ಮೇಲೆ ಬಿದ್ದ ಚೂರು, ದೂಳು ಗುಡಿಸುವವರದು. ಕನಿಷ್ಠ 2 ಗಂಟೆ. ಕಾನೂನು ಬರೆಯುವ ಮೇಜಿನ ಮೇಲೆ ಪೊರಕೆ ಹಿಡಿದವರ ನೆನಪಾಗುವುದು ಅಪರೂಪ. ಅಲ್ಲಿ ಯಾರಿಗೋ ಆಗಿದೆ. ನನ್ನ ನಲವತ್ತರ ಪಟ್ಟಿ ತೆಗೆದು ನೋಡಿದೆ. ಅದರಲ್ಲಿ ಗುಡಿಸುವವರು ಒಬ್ಬರೂ ಇರಲಿಲ್ಲ. ಅವರು ಕಂಪನಿಯ ಮಸ್ಟರ್ ರೋಲಿನವರಲ್ಲ, ಕಾಂಟ್ರಾಕ್ಟಿನವರು.

ಇಂಥ ತಪ್ಪು ನನ್ನೊಬ್ಬನದೇ ಅಲ್ಲ ಎನ್ನುವುದು ಆಮೇಲೆ ತಿಳಿಯಿತು. ಬ್ರಿಟನ್ನಿನ ರೋಚ್‌ಡೇಲ್ ಊರಿನ ಕಲ್ನಾರು ನೂಲುವ ಕಾರ್ಖಾನೆಯಲ್ಲಿ ದುಡಿದಿದ್ದ ನೆಲ್ಲಿ ಕರ್ಶಾ ಎಂಬ ಹೆಂಗಸು 1924ರಲ್ಲಿ ತೀರಿಕೊಂಡಾಗ, ಅವಳ ಶ್ವಾಸಕೋಶ ಪರೀಕ್ಷಿಸಿದ ಕುಕ್ ಎಂಬ ವೈದ್ಯ ಅದರಲ್ಲಿ ಕಂಡ ಕಲ್ನಾರಿನ ಹಾನಿಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ. 1930ರಲ್ಲಿ ಮೆರಿವೆದರ್ ಮತ್ತು ಪ್ರೈಸ್ ಎಂಬವರ ಸರ್ಕಾರಿ ವರದಿ ಬಂತು. ಮರುವರ್ಷವೇ ನಿಯಮವೂ ಬಂತು. ಆದರೆ ಅದು ರಕ್ಷಿಸಿದ್ದು ಮುಖ್ಯವಾಗಿ ಕಲ್ನಾರು ತಯಾರಿಸುವ ಕಾರ್ಖಾನೆಯ ಒಳಗಿನ ಕೆಲವು ಕೆಲಸಗಳನ್ನು. ಆ ಸರಕನ್ನು ಹೊರಗೆ ಕಟ್ಟಡಗಳಲ್ಲಿ ಕತ್ತರಿಸಿ, ಬಡಿದು, ಸುತ್ತಿ ಬದುಕುತ್ತಿದ್ದವರನ್ನು ಸರಿಯಾಗಿ ಒಳಗೊಳ್ಳಲು 1969ರ ನಿಯಮಗಳೇ ಬರಬೇಕಾಯಿತು. ಪಟ್ಟಿಯಲ್ಲಿದ್ದವರಿಗೂ ದೂಳು ಕುಡಿದವರಿಗೂ ನಡುವೆ ಸುಮಾರು ನಾಲ್ಕು ದಶಕದ ಅಂತರ. ನನ್ನ ಹಾಲಿನಲ್ಲಿ ಅದೇ ಅಂತರ ಒಂದು ಗೋಡೆಯಷ್ಟಿತ್ತು, ಅಷ್ಟೇ.

ಕಲ್ನಾರಿನ ಬೇನೆಗೆ ಇನ್ನೊಂದು ಗುಣವಿದೆ, ತರಬೇತಿಯ ಮಾತು ಬಂದಾಗ ಅದನ್ನು ಮರೆಯಬಾರದು. ಕರೆಂಟು ತಾನೇ ಮೇಷ್ಟ್ರು. ಒಂದು ಸಲ ಹೊಡೆಸಿಕೊಂಡವನಿಗೆ ಎರಡನೆಯ ಪಾಠ ಬೇಡ. ಗ್ರೈಂಡರು, ಆಸಿಡ್ಡು, ಬಿಸಿ ಕಬ್ಬಿಣ ಇವೂ ಹಾಗೆಯೇ ಕಲಿಸುತ್ತವೆ. ಕಲ್ನಾರು ಕಲಿಸುವುದಿಲ್ಲ. ಕಣ್ಣು ಉರಿಯದು, ಗಂಟಲು ಕೆರೆಯದೆಯೂ ಇರಬಹುದು, ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಎದೆಯ ಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತದೆ. ಹಾಗಾಗಿ ಬೇರೆಲ್ಲ ಕಸುಬಿನಲ್ಲಿ ದೊಡ್ಡ ಆಸ್ತಿಯಾದ ಅನುಭವ ಇಲ್ಲಿ ಸುಳ್ಳು ಸಾಕ್ಷಿ ಹೇಳುತ್ತದೆ. "ಮೂವತ್ತು ವರ್ಷದಿಂದ ಶೀಟು ಹೊಡೀತಿದೀನಿ ಸಾರ್, ನನಗೇನಾಗಿದೆ?" ಅನ್ನುವ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಅವನಿಗೆ ಇನ್ನೂ ಏನೂ ಆಗಿಲ್ಲ. ಪೆಟ್ಟು ತಿಂದು ಕಲಿಯುವ ದಾರಿ ಮುಚ್ಚಿಹೋಗಿರುವಲ್ಲಿ ತರಬೇತಿಯೊಂದೇ ದಾರಿ. ಅದನ್ನೇ ನಾನು ತಲೆಗೆಷ್ಟು ಅಂತ ಚೌಕಾಸಿ ಮಾಡಿದ್ದೆ.

ಭಾಷೆಯ ಸಂಗತಿ ಗೊತ್ತಾಗಿದ್ದು ತಮಾಷೆಯ ಹಾಗೆ. ಪಾಠದಲ್ಲಿ ಮಾತುಮಾತಿಗೂ 'ಫೈಬರ್' ಅಂದಿದ್ದರು. ಫೈಬರ್ ಉಸಿರಲ್ಲಿ ಹೋಗುತ್ತೆ, ಫೈಬರ್ ಕ್ಯಾನ್ಸರ್ ತರುತ್ತೆ. ಡ್ರಿಲ್ಲಿನ ಪ್ರಸಂಗವಾಗಿ ವಾರದ ನಂತರ ಫಿಟ್ಟರುಗಳನ್ನು ಕೂರಿಸಿಕೊಂಡು ಏನು ತಿಳಿಯಿತು ಅಂತ ಕೇಳಿದೆ. ಹಿರಿಯನೊಬ್ಬ ಮೇಲೆ ಕೈ ತೋರಿಸಿ, "ಆ ಫೈಬರ್ ಶೀಟ್ ಮುಟ್ಟಬಾರದು ಅಂತ ಹೇಳಿದ್ರು ಸಾರ್" ಅಂದ. ತೋರಿಸಿದ್ದು ಬೆಳಕಿಗಾಗಿ ನಡುನಡುವೆ ಹಾಕಿದ್ದ ಅರೆಪಾರದರ್ಶಕ ಪ್ಲಾಸ್ಟಿಕ್ ಶೀಟನ್ನು. ಕೆಲಸದವರ ಬಾಯಲ್ಲಿ ಫೈಬರ್ ಶೀಟ್ ಅಂದರೆ ಅದೇ. ಸುತ್ತಲಿನ ಬೂದು ಶೀಟು ಬರೀ ಸಿಮೆಂಟು, ಅದಕ್ಕೇನು ಭಯ? ಇಡೀ ಅರ್ಧ ದಿನದ ಪಾಠವನ್ನು ಅವನು ಗಮನವಿಟ್ಟು ಕೇಳಿ, ಸರಿಯಾಗಿ ತಲೆಕೆಳಗು ಮಾಡಿಕೊಂಡಿದ್ದ.

ಕನ್ನಡದಲ್ಲಿ ಇದಕ್ಕೊಂದು ಮಾತಿದೆ, ಕಲ್ನಾರು. ಶಾಲೆಯ ಪುಸ್ತಕದಲ್ಲಿ ಓದಿ ಮರೆತಿದ್ದೆ. ಹೊಳೆನರಸೀಪುರದ ಸೀಮೆಯಲ್ಲಿ ಒಂದು ಕಾಲಕ್ಕೆ ಇದನ್ನು ಅಗೆದು ತೆಗೆದದ್ದೂ ಉಂಟು. ಕಲ್ಲೂ ಹೌದು, ನಾರೂ ಹೌದು. ಬಾಳೆಪಟ್ಟೆಯನ್ನು ಉಗುರಲ್ಲಿ ಸೀಳುತ್ತ ಹೋದರೆ ಉದ್ದಕ್ಕೂ ಎಳೆ ಸಣ್ಣದಾಗುತ್ತ ಹೋಗುತ್ತದೆಯಲ್ಲ, ಈ ಕಲ್ಲೂ ಹಾಗೇ ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ ಸೀಳುತ್ತದೆ, ಆದರೆ ಬಾಳೆನಾರಿನ ಹಾಗೆ ಕೊಳೆಯುವುದಿಲ್ಲ, ಎದೆಯೊಳಗೆ ಹೋದದ್ದು ಅಲ್ಲೇ ಉಳಿಯುತ್ತದೆ ಎಂದಾಗ ಆ ಹಿರಿಯ ಫಿಟ್ಟರು ಬಹಳ ಹೊತ್ತು ಸುಮ್ಮನಿದ್ದ. ಮೂವತ್ತು ಸ್ಲೈಡು ಮಾಡದ್ದನ್ನು ಒಂದು ಪದ ಮಾಡಿತು. ಆ ಅಮೆರಿಕದ ನಿಯಮದಲ್ಲೂ, ಕೆಲಸಗಾರನಿಗೆ ಅರ್ಥವಾಗುವ ರೀತಿಯಲ್ಲೇ ಪಾಠ ನಡೆಯಬೇಕೆಂದು ಇದೆ. ಕೋರ್ಸು ಆರಿಸುವಾಗ ನಾನು ಕೇಳಬೇಕಿದ್ದ ಮೊದಲ ಪ್ರಶ್ನೆ ಗಂಟೆ ಎಷ್ಟು ಅಂತಲ್ಲ, ಯಾವ ಮಾತಿನಲ್ಲಿ ಹೇಳುತ್ತೀರಿ ಅಂತ.

ಕಾರ್ತಿಕ ಮಾಸದಲ್ಲಿ ಮುಖ್ಯ ಶೆಡ್ಡಿನ ಕೆಲಸ ಶುರುವಾಗಬೇಕಿತ್ತು. ಕಾಂಟ್ರಾಕ್ಟರು ಯಾದಗಿರಿ ಕಡೆಯ ಎಂಟು ಜನರನ್ನು ಕರೆತಂದಿದ್ದ. ಈ ಸಲ ನಾನು ಕಾಗದದಿಂದ ಶುರು ಮಾಡಲಿಲ್ಲ. ಹಿಂದಿನ ದಿನ ಅವರ ಜೊತೆ ನೆರಳಲ್ಲಿ ಕೂತು, ನೀವು ಕೆಲಸ ಹೇಗೆ ಮಾಡುತ್ತೀರಿ ಹೇಳಿ ಅಂತ ಕೇಳಿದೆ. ಅವರ ಹಿರಿಯ ಒಂದೊಂದಾಗಿ ಬಿಡಿಸಿದ. ಶೀಟನ್ನು ಹಿಡಿದಿರುವ ಜೆ ಹುಕ್ಕು ತುಕ್ಕು ಹಿಡಿದಿದ್ದರೆ ಸುತ್ತಿಗೆಯಲ್ಲಿ ಶೀಟಿನ ಆ ಮೂಲೆ ಒಡೆದು ಬಿಡಿಸುವುದು. ಇಳಿಸಲು ತಡವಾದರೆ ಮೇಲಿಂದಲೇ ಕೆಳಕ್ಕೆ ಬಿಡುವುದು. ಚೂರನ್ನು ಹೆಂಗಸರು ಗುಡಿಸಿ ಬುಟ್ಟಿಗೆ ತುಂಬುವುದು. "ಹುಕ್ಕಿನ ಲೈನ್ ಮ್ಯಾಲೆ ಕಾಲಿಟ್ಟು ಹೋದ್ರ ಏನೂ ಆಗಂಗಿಲ್ಲರಿ ಸಾಹೇಬ್ರ" ಅಂದ.

ನನ್ನ ಎದೆ ಧಸಕ್ಕೆಂದಿದ್ದು ಆ ಕೊನೆಯ ಮಾತಿಗೆ. ನಲವತ್ತು ವರ್ಷದ ಸೂರು. ಬಿಸಿಲಿಗೆ ಪೆಡಸಾದ ಶೀಟು ಆಳಿನ ಭಾರ ತಡೆಯದು. ಹುಕ್ಕಿನ ಸಾಲಿನ ಮೇಲೆ ನಡೆಯುವುದೆಂದರೆ ದೊಂಬರಾಟ, ಅರ್ಧ ಅಡಿ ಕಾಲು ಆಚೆ ಇಟ್ಟರೆ ಇಪ್ಪತ್ತೈದು ಅಡಿ ಕೆಳಗೆ ಕಾಂಕ್ರೀಟು. ದೂಳು ಕೊಲ್ಲಲು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ, ಬೀಳುವುದು ಮೂರು ಕ್ಷಣವನ್ನೂ ತೆಗೆದುಕೊಳ್ಳದು. ಕಲ್ನಾರಿನ ಕೋರ್ಸೆಂದು ನಾನು ಕೊಂಡದ್ದರಲ್ಲಿ ಬೀಳುವ ಮಾತೇ ಇರಲಿಲ್ಲ, ಏಕೆಂದರೆ ಅದು ಸೂರು ಹತ್ತುವವನಿಗೆ ಮಾಡಿದ ಪಾಠವಾಗಿರಲಿಲ್ಲ. ಇಲ್ಲಿ ನನ್ನದೊಂದು ಹಟದ ಅಭಿಪ್ರಾಯವಿದೆ: ಸೂರಿನ ಶೀಟು ಇಳಿಸುವವರಿಗೆ ಹಲಗೆ, ಬಲೆ, ಸೇಫ್ಟಿ ಬೆಲ್ಟಿನ ಪಾಠ ಮೊದಲು, ದೂಳಿನ ಪಾಠ ಆಮೇಲೆ. ಎರಡೂ ಒಂದೇ ದಿನ, ಒಬ್ಬನೇ ಹೇಳಬೇಕು. ಇಬ್ಬರು ಬೇರೆ ಬೇರೆ ಹೇಳಿದರೆ ಕೆಲಸಗಾರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ.

ಎರಡು ದಿನ ಕೆಲಸ ನಿಲ್ಲಿಸಿ ಅಂಗಳದಲ್ಲೇ ಪಾಠ ನಡೆಯಿತು. ಮೊದಲು ಕೊಟೇಷನ್ ಕೊಟ್ಟಿದ್ದವರಲ್ಲಿ ಎರಡು ದಿನದವರನ್ನು ಕರೆಸಿದ್ದೆ. ಬಂದವರು ಹಡಗು ರಿಪೇರಿ ಯಾರ್ಡಿನಲ್ಲಿ ಕೆಲಸ ಮಾಡಿದ್ದ ಮನುಷ್ಯ, ಸ್ಲೈಡು ತಂದಿರಲಿಲ್ಲ. ನೆಲದ ಮೇಲೆ ಹಳೆಯ ಪ್ಲೈವುಡ್ಡನ್ನು ಶೀಟಿನ ಹಾಗೆ ಜೋಡಿಸಿ ಹುಕ್ಕು ಹಾಕಿಸಿದರು. ಸೋಪಿನ ನೀರು ಸಿಂಪಡಿಸಿ ತೋಯಿಸುವುದು, ಶೀಟು ಒಡೆಯದೆ ಹುಕ್ಕನ್ನು ಕಟ್ಟರಿನಲ್ಲಿ ತುಂಡರಿಸುವುದು, ಶೀಟನ್ನು ಇಡಿಯಾಗಿ ಹಗ್ಗದಲ್ಲಿ ಇಳಿಸುವುದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಾಕುವುದು, ಇಷ್ಟನ್ನು ಹತ್ತು ಹತ್ತು ಸಲ ಮಾಡಿಸಿದರು. ಒಣ ಪೊರಕೆಯನ್ನು ಎಲ್ಲರೆದುರೇ ಮುರಿದು ಹಾಕಿದರು. ಬೀಡಿಯ ಮಾತನ್ನೂ ಮುಚ್ಚುಮರೆ ಇಲ್ಲದೆ ಆಡಿದರು; ಕಲ್ನಾರು ಮತ್ತು ಹೊಗೆ ಒಬ್ಬನ ಶ್ವಾಸಕೋಶದಲ್ಲಿ ಸೇರಿದರೆ ಕ್ಯಾನ್ಸರಿನ ಅಪಾಯ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ.

ಅವರು ಮಾಡಿದ ಒಂದು ಆಟ ಇನ್ನೂ ಕಣ್ಣಿಗೆ ಕಟ್ಟಿದೆ. ಎಲ್ಲರ ಅಂಗಿ ಪ್ಯಾಂಟಿನ ಮೇಲೆ ಗುಲಾಬಿ ಬಣ್ಣದ ರಂಗೋಲಿ ಪುಡಿ ಎರಚಿ, "ಈಗ ಬಟ್ಟೆ ಬಿಚ್ಚಿಟ್ಟು ಊಟಕ್ಕೆ ಬನ್ನಿ" ಅಂದರು. ಬಂದವರ ಕುತ್ತಿಗೆ, ಕಿವಿಯ ಸಂದು, ತಂಬಿಗೆಯ ಅಂಚು, ಒಬ್ಬನ ಮೊಬೈಲು, ಇನ್ನೊಬ್ಬನ ರೊಟ್ಟಿ ಎಲ್ಲವೂ ಗುಲಾಬಿ. ನಗು ತಡೆಯಲಾಗಲಿಲ್ಲ. "ಈ ಬಟ್ಟೆ ಮನೆಯಲ್ಲಿ ಯಾರು ಒಗೀತಾರೆ?" ಅಂತ ಅವರು ಕೇಳಿದಾಗ ನಗು ನಿಂತಿತು. ಲಂಡನ್ನಿನಲ್ಲಿ 1965ರಲ್ಲೇ ಇಬ್ಬರು ಸಂಶೋಧಕರು, ಕಲ್ನಾರು ಕಾರ್ಖಾನೆಗೆ ಕಾಲೇ ಇಡದೆ, ಅಲ್ಲಿ ದುಡಿಯುತ್ತಿದ್ದವರ ಜೊತೆ ಒಂದೇ ಮನೆಯಲ್ಲಿ ಬಾಳಿದ್ದಕ್ಕಾಗಿ ಮೀಸೋಥೀಲಿಯೋಮ ಬಂದವರನ್ನು ಗುರುತಿಸಿದ್ದರು. ಆಮೇಲೆ ನಾನು ಕಾಂಟ್ರಾಕ್ಟರಿಗೆ ಹೇಳಿ ಬಟ್ಟೆ ಬದಲಿಸಲು ತಡಿಕೆ ಕಟ್ಟಿಸಿದೆ, ನಲ್ಲಿ ಹಾಕಿಸಿದೆ. ದಿನದ ಕೊನೆಗೆ ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಉಳಿಯುತ್ತಿತ್ತು.

ಮಾಸ್ಕಿನದು ಇನ್ನೊಂದು ಕಥೆ. ಮುಖಕ್ಕೆ ಕೂರದ ಮಾಸ್ಕು ಇದ್ದೂ ಇಲ್ಲದ ಹಾಗೆ. ತಲೆಗೊಂದು ಪ್ಲಾಸ್ಟಿಕ್ ಗವಸು ಹಾಕಿಸಿ ಒಳಕ್ಕೆ ಸ್ಯಾಕರಿನ್ ನೀರು ಸಿಂಪಡಿಸುತ್ತಾರೆ. ನಾಲಿಗೆಗೆ ಸಿಹಿ ತಾಗಿದರೆ ಮಾಸ್ಕು ಸೋರುತ್ತಿದೆ ಅಂತ. ನಮ್ಮ ಫಿಟ್ಟರುಗಳಲ್ಲಿ ಒಬ್ಬ ಅಯ್ಯಪ್ಪನ ಮಾಲೆ ಹಾಕಿದ್ದ, ಹದಿನೈದು ದಿನದ ಗಡ್ಡ. ಮೂರು ಬಗೆಯ ಮಾಸ್ಕು ಹಾಕಿದರೂ "ಸಿಹಿ ಸಾರ್" ಅಂದ. ವ್ರತ ಬಿಡು ಅನ್ನಲಾಗುತ್ತದೆಯೇ? ಶಬರಿಮಲೆಗೆ ಹೋಗಿ ಬರುವವರೆಗೆ ಅವನನ್ನು ಪಂಪ್‌ಹೌಸಿನ ಕೆಲಸಕ್ಕೆ ಹಾಕಿದೆವು. ಕಂಪ್ಯೂಟರ್ ಮುಂದೆ ಕೂರಿಸಿ ಬಟನ್ ಒತ್ತಿಸುವ ಕೋರ್ಸಿಗೆ ಅವನ ಗಡ್ಡ ಕಾಣುತ್ತಿರಲಿಲ್ಲ, ಸರ್ಟಿಫಿಕೇಟು ಬಂದುಬಿಡುತ್ತಿತ್ತು.

ಎರಡನೆಯ ದಿನ ಸಂಜೆ ಯಾದಗಿರಿಯ ಹಿರಿಯ ನೇರವಾಗಿ ಕೇಳಿದ: "ಇದು ಇಷ್ಟು ಕೆಟ್ಟದ್ದಿದ್ರ ಅಂಗಡ್ಯಾಗ ಯಾಕ ಮಾರತಾರ್ರಿ? ಮೊನ್ನೆ ನಮ್ಮ ಮನೀಗೆ ನಾನ ಹತ್ತು ಶೀಟ್ ತಗೊಂಡೀನಿ."

ಪಾಠ ಹೇಳುವವರ ಯೋಗ್ಯತೆ ಇಂಥ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಬ್ರಿಟನ್ ಕಲ್ನಾರಿನ ಬಿಳಿ ಬಗೆಯನ್ನೂ 1999ರಲ್ಲಿ ನಿಷೇಧಿಸಿತು. ಹಾಗಾಗಿ ಅಲ್ಲಿಯ ಪಾಠಗಳೆಲ್ಲ ಹಳೆಯ ಕಟ್ಟಡದಲ್ಲಿ ಉಳಿದ ಪಳೆಯುಳಿಕೆಯ ಬಗ್ಗೆ. ನಮ್ಮಲ್ಲಿ ಹೊಸ ಗಣಿಗಳಿಗೆ ಅನುಮತಿ ನಿಂತದ್ದು 1986ರಲ್ಲಿ, ಆದರೆ ರಷ್ಯಾ ಮುಂತಾದ ಕಡೆಯಿಂದ ತರಿಸಿ ಶೀಟು ಮಾಡುವುದು ನಿಂತಿಲ್ಲ. ಅಲ್ಲಿಯ ಪಾಠವನ್ನು ಹಾಗೇ ತಂದು ಇಲ್ಲಿ ಓದಿದರೆ, ಲಗೇಜ್ ಆಟೋದಲ್ಲಿ ಹೊಸ ಶೀಟು ಸಾಗುವುದನ್ನು ದಿನಾ ನೋಡುವವನು ಯಾಕೆ ನಂಬಬೇಕು? ನಮ್ಮ ಮೇಷ್ಟ್ರು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. "ಬೀಡೀನೂ ಅಂಗಡೀಲಿ ಮಾರ್ತಾರಲ್ಲ ಅಣ್ಣಾ" ಅಂದರು. ಹೊಸ ಶೀಟು ಸುಮ್ಮನೆ ಸೂರಿನ ಮೇಲೆ ಇರುವಷ್ಟು ದಿನ ಅಪಾಯ ಕಡಿಮೆ, ಅದನ್ನು ಮಷಿನ್ನಿನಲ್ಲಿ ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಹೆಚ್ಚು, ಮನೆಯ ಶೀಟನ್ನೂ ಹಾಗೇ ನೋಡಿಕೊಳ್ಳಿ, ಸಾಧ್ಯವಾದರೆ ಮುಂದಿನ ಸಲ ತಗಡು ಹಾಕಿ ಅಂತ ಸಮಾಧಾನವಾಗಿ ಹೇಳಿದರು. ನನಗೆ ಅವರ ಮೇಲೆ ಭರವಸೆ ಮೂಡಿದ್ದು ಆ ಗಳಿಗೆ.

ಇಷ್ಟೆಲ್ಲ ಆದ ಮೇಲೂ ಒಂದು ಗಂಟು ಬಿಡಿಸದೆ ಉಳಿದಿತ್ತು. ತಿಳಿವಳಿಕೆಯ ಪಾಠದ ತಿರುಳು 'ನಿಲ್ಲಿಸು' ಎಂಬ ಒಂದು ಮಾತು. ಕೆಲಸ ನಿಲ್ಲಿಸುವ ಅಧಿಕಾರ ದಿನಗೂಲಿಯವನಿಗೆ ಎಲ್ಲಿದೆ? ಭೋಪಾಲದ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂದಾಗ, ಅಪಾಯ ಕಂಡರೆ ಎಚ್ಚರಿಸುವ ಹಕ್ಕು, ಸುರಕ್ಷತೆಯ ಮಾಹಿತಿ ಕೇಳುವ ಹಕ್ಕು, ತರಬೇತಿ ಪಡೆಯುವ ಹಕ್ಕು ಕಾರ್ಮಿಕನಿಗೆ ಬಂದವು. ಪುಸ್ತಕದಲ್ಲಿ ಬಂದವು. ಏಣಿ ಹತ್ತಿದ್ದ ನಮ್ಮ ಹುಡುಗನಿಗೆ ಪಾಠ ಮರೆತಿರಲಿಲ್ಲವೇನೋ. ಸೂಪರ್‌ವೈಸರಿಗೆ ಆಗದು ಅನ್ನುವ ಧೈರ್ಯ ಇರಲಿಲ್ಲ, ಸರ್ಟಿಫಿಕೇಟು ಅವನಿಗೆ ಬೇರೆಯದೇ ಧೈರ್ಯ ಕೊಟ್ಟಿತ್ತು. ಬೇಕಾಗಿದ್ದು ಅಳುಕು, ನಾನು ಹಂಚಿದ್ದು ಧೈರ್ಯ. ಹಾಗಾದರೆ ಆ ಅರ್ಧ ದಿನದ ಕುರ್ಚಿಯಲ್ಲಿ ಮೊದಲು ಕೂರಬೇಕಿದ್ದವರು ಯಾರು? ಕೆಲಸ ಹೇಳುವವರು. ಸೂಪರ್‌ವೈಸರು, ಕಾಂಟ್ರಾಕ್ಟರು, ಖರೀದಿ ವಿಭಾಗದವರು, ಅವರೆಲ್ಲರಿಗಿಂತ ಮುಂಚೆ ನಾನು. ಶೀಟು ಇದೆಯೆಂದು ಗೊತ್ತಿದ್ದೂ ಕೊರೆಯಲು ಕಳಿಸದೆ ಇರುವುದು ಕಳಿಸುವವನ ಪಾಠ.

ಮಾರನೆಯ ದಿನ ಕಾಂಟ್ರಾಕ್ಟಿನ ಕರಾರಿಗೆ ಒಂದು ಸಾಲು ಸೇರಿಸಿದೆ: ಸುರಕ್ಷತೆಯ ಕಾರಣಕ್ಕೆ ಕೆಲಸಗಾರರು ಕೆಲಸ ನಿಲ್ಲಿಸಿದ ಹೊತ್ತಿಗೂ ಪೂರ್ತಿ ಕೂಲಿ. ಖರೀದಿಯವರು ಗೊಣಗಿದರು. ಹನ್ನೊಂದು ದಿನದ ಕೆಲಸದಲ್ಲಿ ಯಾದಗಿರಿಯವರು ಮೂರು ಸಲ ನಿಲ್ಲಿಸಿದರು. ಒಂದು ಸಲ ಗಾಳಿ ಜೋರಾದದ್ದಕ್ಕೆ, ಒಂದು ಸಲ ನೀರಿನ ಪಂಪು ಕೆಟ್ಟಿದ್ದಕ್ಕೆ, ಒಂದು ಸಲ ಹಲಗೆ ಸಾಲದ್ದಕ್ಕೆ. ಎಲ್ಲ ಸೇರಿ ಆರು ಗಂಟೆ. ಆ ಎಂಟು ಜನ ನಿಜವಾಗಿ ಏನು ಕಲಿತಿದ್ದರು ಅನ್ನುವುದಕ್ಕೆ ನನಗೆ ಆ ಆರು ಗಂಟೆಗಿಂತ ದೊಡ್ಡ ಪರೀಕ್ಷೆ ಬೇಕಿರಲಿಲ್ಲ.

ಕೆಲಸ ಮುಗಿದ ಮೇಲೆ ಹೆಸರು, ಊರು, ದಿನಾಂಕಗಳ ಒಂದು ಪುಸ್ತಕ ಮಾಡಿದೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕೈಗಾರಿಕೆಗಳ ಕಾರ್ಮಿಕರ ಬಗ್ಗೆ ಕೊಟ್ಟ ತೀರ್ಪಿನಲ್ಲಿ, ಪ್ರತಿಯೊಬ್ಬರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕು ಅಂತಿದೆ. ನಮ್ಮದು ಆ ಕೈಗಾರಿಕೆಯಲ್ಲ, ಆದರೂ ಮಾಡಬೇಕೆನಿಸಿತು. ಪುಸ್ತಕದಲ್ಲಿ ಯಾದಗಿರಿಯ ಎಂಟು ಜನ ಬಂದರು. ಡ್ರಿಲ್ ಹಿಡಿದಿದ್ದ ಹುಡುಗನ ಹೆಸರು ಬರೆದೆ. ಆಗ ಕ್ಯಾಂಟೀನಿನ ಸೂರು ನೆನಪಾಯಿತು. ನಲವತ್ತು ಜನರ ಫೋಟೊ ತೆಗೆಸಿಕೊಂಡ ಮರುದಿನವೇ, ಒಂದು ಭಾನುವಾರ, ಬೇರೆ ಯಾರೋ ಕಾಂಟ್ರಾಕ್ಟರಿನ ಆಳುಗಳು ಬಂದು ಅದನ್ನು ಸುತ್ತಿಗೆಯಲ್ಲಿ ಒಡೆದು ಇಳಿಸಿದ್ದರು. ಸಂಜೆ ನಾನು ಬಂದಾಗ ಒಬ್ಬಾಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಗುಡಿಸುತ್ತಿದ್ದಳು, ನಾನು ನೋಡಿಕೊಂಡು ಸುಮ್ಮನೆ ಹೋಗಿದ್ದೆ. ಆ ಕಾಂಟ್ರಾಕ್ಟರಿನ ಫೋನು ಸಿಗಲಿಲ್ಲ. ಸೆಕ್ಯುರಿಟಿಯವರ ಗೇಟ್ ಪುಸ್ತಕ ತರಿಸಿ ಆ ಭಾನುವಾರದ ಪುಟ ತೆಗೆದೆ. ಹೆಸರು ಬರೆಯುವ ಜಾಗದಲ್ಲಿ ಇದ್ದದ್ದು ಇಷ್ಟು: ಗಂಡಾಳು 4, ಹೆಣ್ಣಾಳು 2.